ಕಿಟಕಿ ತೆರೆದಿಡಬಹುದಾದ ಊರು

ನವೆಂಬರ್ ಬಂತೆಂದರೆ ಅಮೆರಿಕದ ಸೌತ್ ಕೆರೊಲೈನಾದ ಫೋರ್ಟ್ ಮಿಲ್‌ನಲ್ಲಿ ನಮ್ಮ ಮನೆ ಹತ್ತಿರದ ಹಾರ್ಡ್‌ವೇರ್ ಅಂಗಡಿಯ ಬಾಗಿಲಲ್ಲೇ ಗುಲಾಬಿ ಬಣ್ಣದ ಕ್ಯಾನುಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಾರೆ. ಆರ್‌ವಿಗಳ ನೀರಿನ ಪೈಪಿಗೆ ತುಂಬಿಸುವ ದ್ರವ ಅದು. ಆರ್‌ವಿ ಅಂದರೆ ಒಲೆ, ಬಚ್ಚಲು, ಹಾಸಿಗೆ ಎಲ್ಲವೂ ಒಳಗೇ ಇರುವ, ಮಿನಿಬಸ್ಸಿಗಿಂತ ದೊಡ್ಡ ಗಾಡಿ. ಚಳಿಗೆ ನೀರು ಗಡ್ಡೆ ಕಟ್ಟಿ ಪೈಪನ್ನು ಸೀಳುತ್ತದೆ. ಈ ದ್ರವ ಗಡ್ಡೆ ಕಟ್ಟುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಗಾಡಿ ಸುಮ್ಮನೆ ನಿಂತಿರುವಾಗ ನೀರನ್ನೆಲ್ಲ ಹೊರಗೆ ಬಿಟ್ಟು, ಪೈಪಿನಲ್ಲಿ ಇದನ್ನು ತುಂಬಿಸಿಡುತ್ತಾರೆ.

ಮೊನ್ನೆ ಬಲ್ಬ್ ತರಲು ಹೋದಾಗ ಯಾರೋ ಒಂದು ಕ್ಯಾನು ಬೀಳಿಸಿ ಒಡೆದಿದ್ದರು. ನೆಲದ ಮೇಲೆ ಗುಲಾಬಿ ಮಡು. ಹತ್ತಿರ ಹೋದರೆ ಮಾತ್ರ ಗೊತ್ತಾಗುವ ಒಂದು ಸಿಹಿ ವಾಸನೆ, ಮಕ್ಕಳ ಕೆಮ್ಮಿನ ಔಷಧಿಯ ಮುಚ್ಚಳ ತೆಗೆದ ಹಾಗೆ. ಅಂಗಡಿಯ ಹೆಂಗಸು ಒರೆಸುವ ಕೋಲು ತಂದು ದಾರಿ ಬಿಡಿ ಎನ್ನುವವರೆಗೂ ನಾನು ಅಲ್ಲೇ ನಿಂತಿದ್ದೆ.

ನನಗೆ ಆ ವಾಸನೆ ಒಂದೇ ಒಂದು ಚಳಿಗಾಲದ್ದು. 2020 ಮುಗಿದು 2021 ಶುರುವಾದ ಚಳಿಗಾಲ.

2020ರ ಬೇಸಿಗೆಯಲ್ಲಿ ನನ್ನ ಗಂಡ ಗಿರೀಶ ಕೋವಿಡ್ ಬಂದು ಆಸ್ಪತ್ರೆ ಸೇರಿದ್ದ. ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ನಾನು ದಿನಾ ಹೋಗಿ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕೂತು, ಸಾಲು ಕಿಟಕಿಗಳಲ್ಲಿ ಅವನದು ಯಾವುದಿರಬಹುದು ಎಂದು ನೋಡುತ್ತಿದ್ದೆ. ಕೊನೆಗೂ ನರ್ಸ್ ಒಬ್ಬಳು ಗಾಜಿಗೆ ಒಂದು ಹಳದಿ ಚೀಟಿ ಅಂಟಿಸಿ, ಇದೇ ಎಂದು ಫೋನಿನಲ್ಲಿ ಹೇಳಿದಳು. ಆಮೇಲೆ ಆ ಹಳದಿ ಚುಕ್ಕೆಯನ್ನು ನೋಡುವುದೇ ನನ್ನ ಕೆಲಸವಾಯಿತು. ಅವನು ವೆಂಟಿಲೇಟರಿನ ಬಾಗಿಲವರೆಗೆ ಹೋಗಿ ವಾಪಸ್ ಬಂದ. ಮನೆಗೆ ಬಂದಾಗ ಅವನ ವಾಚು ಮೊಣಕೈವರೆಗೂ ಜಾರುತ್ತಿತ್ತು. ಗರಾಜಿನಿಂದ ಅಡುಗೆಮನೆಗೆ ಒಂದು ಗ್ಯಾಲನ್ ಹಾಲಿನ ಕ್ಯಾನು ತರುವಷ್ಟರಲ್ಲಿ ಉಸಿರು ಸಾಲುತ್ತಿರಲಿಲ್ಲ. ದಾರಿಯಲ್ಲಿ ವಾಷಿಂಗ್ ಮಷೀನಿನ ಮೇಲೆ ಕ್ಯಾನು ಇಟ್ಟು, ಫೋನ್ ತೆಗೆದು ಏನೋ ಮೆಸೇಜ್ ನೋಡುವವನ ಹಾಗೆ ನಿಲ್ಲುತ್ತಿದ್ದ. ಫೋನಿನ ಪರದೆ ಕಪ್ಪಗಿರುತ್ತಿತ್ತು. ನಾವು ಯಾರೂ ನೋಡದವರ ಹಾಗೆ ಇರುತ್ತಿದ್ದೆವು.

ಆಸ್ಪತ್ರೆಯ ಬಗ್ಗೆ ಅವನು ಹೇಳಿದ್ದು ಒಂದೇ ಮಾತು. "ಆ ಕಿಟಕಿ ತೆಗೆಯಕ್ಕೆ ಬರ್ತಿರ್ಲಿಲ್ಲ. ಹಿಡಿಕೇನೇ ಇರ್ಲಿಲ್ಲ ಅದಕ್ಕೆ."

ಮುಚ್ಚಿದ ಕಿಟಕಿಯ ಆ ಭಯ ಸೆಪ್ಟೆಂಬರಿನಲ್ಲಿ ತೊಂದರೆ ಕೊಡಲಿಲ್ಲ. ಮನೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟುಕೊಂಡು ಮಲಗಿದ. ಅಕ್ಟೋಬರ್ ಕೊನೆಗೆ ಚಳಿ ಬಂತು, ಅವನ ಓಡಾಟ ಶುರುವಾಯಿತು. ಕಿಟಕಿ ಮುಚ್ಚಿದರೆ ಎದೆ ಕಟ್ಟುತ್ತದೆ ಎಂದು ಎದ್ದು ಹೋಗಿ ತೆಗೆಯುತ್ತಿದ್ದ. ತಣ್ಣನೆ ಗಾಳಿ ಒಳಗೆ ಬಂದ ಕೂಡಲೇ ಕೆಮ್ಮು ಹತ್ತಿ, ಎರಡೂ ಕೈಯಿಂದ ಗೋಡೆ ಹಿಡಿದು ಬಾಗುತ್ತಿದ್ದ. ಮುಚ್ಚುತ್ತಿದ್ದ. ಪಕ್ಕದ ರೂಮಿಗೆ ಹೋಗಿ ಅಲ್ಲಿಯ ಕಿಟಕಿ ತೆಗೆಯುತ್ತಿದ್ದ. ನಾನು ಮೇಲಿನ ರೂಮಿನಲ್ಲಿ ಆಫೀಸ್ ಮೀಟಿಂಗಿನಲ್ಲಿದ್ದರೂ ಕೆಳಗೆ ಯಾವ ಕಿಟಕಿ ಈಗ ತೆರೆದಿದೆ, ಯಾವುದು ಮುಚ್ಚಿತು ಎಂದು ಸದ್ದಿನಿಂದಲೇ ಹೇಳಬಲ್ಲವಳಾಗಿದ್ದೆ. ವಿಡಿಯೋ ಕಾಲಿನಲ್ಲಿ ಡಾಕ್ಟರ್, ಶ್ವಾಸಕೋಶ ಗುಣವಾಗುತ್ತಿದೆ, ಆದರೆ ಒಣ ಚಳಿಗಾಳಿ ಇವರಿಗೆ ಆಗುವುದಿಲ್ಲ, ಸಾಧ್ಯವಾದರೆ ಸ್ವಲ್ಪ ಕಾಲ ಬೆಚ್ಚಗಿನ ಕಡೆ ಇದ್ದು ಬನ್ನಿ ಎಂದರು.

"ಜನವರೀಲಿ ಕಿಟಕಿ ತೆಗೆದಿಟ್ಟು ಮಲಗೋ ಅಂಥ ಊರು ಬೇಕು ನಂಗೆ. ಅಷ್ಟೇ," ಅಂದ ಗಿರಿ.

ಬೆಂಗಳೂರು ಅಂಥ ಊರೇ. ಹೋಗಬಹುದಿತ್ತು, ಬರಲಾಗುತ್ತಿರಲಿಲ್ಲ. ನಾವು ವರ್ಕ್ ವೀಸಾದವರು. ವಾಪಸ್ ಬರಲು ಪಾಸ್‌ಪೋರ್ಟಿಗೆ ಮುದ್ರೆ ಹಾಕಬೇಕಾದ ಕಾನ್ಸುಲೇಟ್ ಅಪಾಯಿಂಟ್‌ಮೆಂಟ್ ಯಾರಿಗೂ ಸಿಗುತ್ತಿರಲಿಲ್ಲ. ವಿಮಾನ ಹತ್ತುವ ಧೈರ್ಯವೂ ಇರಲಿಲ್ಲ. ಹೋಟೆಲಿನ ರೂಮು, ಲಿಫ್ಟು, ಬೇರೆಯವರು ಉಸಿರಾಡಿದ ಗಾಳಿ, ಯಾವುದೂ ಬೇಡವಾಗಿತ್ತು. ಹೀಗೆ ಒಂದೊಂದನ್ನೇ ಬಿಡುತ್ತಾ ಬಂದು ಕೊನೆಗೆ ಉಳಿದದ್ದು ಆರ್‌ವಿ. ನಮ್ಮದೇ ಒಲೆ, ನಮ್ಮದೇ ಬಚ್ಚಲು, ನಮ್ಮದೇ ಗಾಳಿ.

ಗಾಡಿ ಸಲೀಂನದು. ಮೈಸೂರಿನ ಮಂಡಿ ಮೊಹಲ್ಲಾದವನು, ಇಲ್ಲೇ ಹತ್ತಿರದ ಬ್ಯಾಲಂಟೈನ್‌ನಲ್ಲಿ ಗಿರಿಯ ಜೊತೆ ಕೆಲಸ ಮಾಡುತ್ತಿದ್ದ. ಆ ವರ್ಷ ಎಲ್ಲರಂತೆ ಅವನೂ ಹುಚ್ಚು ಹತ್ತಿಸಿಕೊಂಡು ಹಳೆಯ ಆರ್‌ವಿ ಒಂದನ್ನು ಕೊಂಡಿದ್ದ. "ನಸ್ರೀನ್ ಇದನ್ನ ಸವತಿ ಅಂತಾಳೆ. ಕರಕೊಂಡು ಹೋಗು ಮಾರಾಯ, ನಮ್ಮನೇಲಿ ಒಂದಷ್ಟು ದಿನ ಶಾಂತಿ ಇರ್ಲಿ," ಎಂದು ಬೀಗದ ಕೈ ಕೊಡಲು ಮೊದಲ ದಿನವೇ ಸಿದ್ಧನಾಗಿದ್ದ. ಆದರೆ ಹೊರಡುವುದು ಅಷ್ಟು ಸುಲಭವಿರಲಿಲ್ಲ. ಗಿರಿ ಇನ್ನೂ ಓಡಿಸುವ ಹಾಗಿರಲಿಲ್ಲ, ನಾನೇ ಕಲಿಯಬೇಕಿತ್ತು. ಭಾನುವಾರಗಳಂದು ಸಲೀಂ ಮುಚ್ಚಿದ ಸ್ಕೂಲಿನ ಪಾರ್ಕಿಂಗ್ ಲಾಟಿನಲ್ಲಿ ನನಗೆ ಹೇಳಿಕೊಡುತ್ತಿದ್ದ. ಕೋವಿಡ್ ಭಯಕ್ಕೆ ಪಕ್ಕದಲ್ಲಿ ಕೂರದೆ, ಮಾಸ್ಕ್ ಹಾಕಿಕೊಂಡು ಹೊರಗೆ ಗಾಡಿಯ ಪಕ್ಕದಲ್ಲೇ ಓಡುತ್ತಾ, "ರೈಟ್, ರೈಟ್, ಇನ್ನೂ ರೈಟ್" ಎಂದು ಸಿಟಿ ಬಸ್ಸಿನ ಕಂಡಕ್ಟರನಂತೆ ಗಾಡಿಯ ಮೈ ಬಡಿಯುತ್ತಿದ್ದ.

ಪ್ಲಾನಿಂಗ್ ಪೂರಾ ಗಿರಿಯದು. ಊಟದ ಮೇಜಿನ ಅರ್ಧ ಅವನ ಲ್ಯಾಪ್‌ಟಾಪಿಗೆ ಹೋಯಿತು. ಅದರಲ್ಲಿ ಒಂದು ಮ್ಯಾಪು, ಮ್ಯಾಪಿನ ಮೇಲೆ ನೀಲಿ ಗುಂಡುಪಿನ್ನಿನ ಗುರುತುಗಳು, ಒಂದೊಂದೂ ಆರ್‌ವಿಗಳು ತಂಗುವ ಒಂದೊಂದು ಕ್ಯಾಂಪ್‌ಗ್ರೌಂಡ್. ಪ್ಲಾನು ವಾರಕ್ಕೊಂದು. ಒಂದು ವಾರ ಕೀ ವೆಸ್ಟ್, ಫ್ಲೋರಿಡಾದ ತುತ್ತತುದಿ. ಮುಂದಿನ ವಾರ ಅಟ್ಲಾಂಟಾ ಮೇಲೆ ಹೋಗಿ ಗಲ್ಫ್ ಕರಾವಳಿ. ಮತ್ತೊಂದು ವಾರ ಟೆಕ್ಸಸ್ಸಿನ ಕೊನೆ, ಆಮೇಲೆ ಅರಿಜೋನಾದ ಮರುಭೂಮಿ. ಚಳಿಗಾಲ ಬಂದರೆ ಉತ್ತರದ ರಾಜ್ಯಗಳಿಂದ ನಿವೃತ್ತರೆಲ್ಲ ಆರ್‌ವಿ ಹತ್ತಿ ದಕ್ಷಿಣಕ್ಕೆ ಇಳಿಯುತ್ತಾರೆ. ಒಳ್ಳೆಯ ಜಾಗಗಳು ವರ್ಷದ ಮುಂಚೆಯೇ ಹೋಗಿರುತ್ತವೆ. ಯಾರಾದರೂ ಕ್ಯಾನ್ಸಲ್ ಮಾಡಿದರೆ ಬೆಳಿಗ್ಗೆ ಆ ಜಾಗ ತೆರೆದುಕೊಳ್ಳುತ್ತಿತ್ತು, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ.

"ತತ್ಕಾಲ್ ಟಿಕೆಟ್ ಥರ ಅನ್ನಿ," ಅಂದರು ಅಮ್ಮ.

ಅಮ್ಮ, ನನ್ನ ತಾಯಿ, ಆ ವರ್ಷದ ಆರಂಭದಲ್ಲಿ ನಮ್ಮನ್ನು ನೋಡಲು ಬಂದು ಸಿಕ್ಕಿಬಿದ್ದವರು. ವಿಮಾನಗಳು ನಿಂತವು, ವೀಸಾ ಎಕ್ಸ್‌ಟೆನ್ಷನ್‌ಗೆ ಅಪ್ಲೈ ಮಾಡಿ ಕಾಯುತ್ತಿದ್ದೆವು. ಜೀವಮಾನವೆಲ್ಲ ಬೆಂಗಳೂರಿನ ಹನುಮಂತನಗರದಲ್ಲಿ ಕಳೆದವರು. ಅಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ, ಬೆಳಗಿನ ಜಾವ. ನಾನು ಹುಡುಗಿಯಾಗಿದ್ದಾಗ ಬಚ್ಚಲಿನ ನಲ್ಲಿಯನ್ನು ಬೇಕೆಂದೇ ತಿರುಗಿಸಿ ಬಿಟ್ಟು, ಕೆಳಗೆ ಖಾಲಿ ಬಕೆಟ್ ಇಟ್ಟಿರುತ್ತಿದ್ದರು. ಬಕೆಟ್ಟಿಗೆ ಬೀಳುವ ಸದ್ದಿಗೆ ಮನೆಯವರು ಏಳಬೇಕು. ಮೊದಲು ಏಳುವವರು ಅಮ್ಮನೇ. "ನೀರು ಬಂತು, ಏಳ್ರೋ," ಎಂದು ಕೂಗಿ ಹಂಡೆ, ಡ್ರಮ್ಮು, ಕೊಡ, ಕೊನೆಗೆ ಕುಕ್ಕರನ್ನೂ ಬಿಡದೆ ತುಂಬಿಸುತ್ತಿದ್ದರು. ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಮಗಳು ಇಂಚರ ಬೆಳಿಗ್ಗೆ ಷವರ್ ತಿರುಗಿಸಿದರೆ ಸಾಕು, ಪಕ್ಕದ ರೂಮಿನಿಂದ ಅಮ್ಮ ನಿದ್ದೆಗಣ್ಣಲ್ಲೇ ಕೇಳುತ್ತಿದ್ದರು, "ನೀರು ಬಂತೇನೇ?"

"ಅಜ್ಜಿ, ಇಲ್ಲಿ ಯಾವಾಗ್ಲೂ ಬರತ್ತೆ. ಗೋ ಬ್ಯಾಕ್ ಟು ಸ್ಲೀಪ್," ಎನ್ನುತ್ತಿದ್ದಳು ಇಂಚರ. ಅವಳಿಗೆ ಆಗ ಹದಿನಾಲ್ಕು.

ನನಗೆ ಈ ಪ್ರಯಾಣ ಬೇಡವಾಗಿತ್ತು. ಗಿರಿ ಮ್ಯಾಪಿನಲ್ಲಿ ಒಂದು ನೀಲಿ ಗುರುತು ಹಾಕಿದರೆ ನಾನು ಅದರ ಹತ್ತಿರದ ಆಸ್ಪತ್ರೆ ಹುಡುಕಿ ಒಂದು ಕೆಂಪು ಗುರುತು ಹಾಕುತ್ತಿದ್ದೆ. ಎರಡರ ನಡುವೆ ಬಹಳ ದೂರವಿದ್ದರೆ ಏನೂ ಹೇಳದೆ ಅವನ ನೀಲಿಯನ್ನು ಬೆರಳಿನಿಂದ ತೋರಿಸುತ್ತಿದ್ದೆ. ಮರುಭೂಮಿ ಹೋಯಿತು. ಟೆಕ್ಸಸ್ ಹೋಯಿತು. ನಾವು ವೀಸಾದವರು ಕೆಲಸದ ವಿಳಾಸ ಬಿಟ್ಟು ಎಷ್ಟು ಕಾಲ ಬೇರೆ ರಾಜ್ಯದಲ್ಲಿ ಕೂತು ಕೆಲಸ ಮಾಡಬಹುದೆಂದು ಕಂಪನಿಯ ಲಾಯರನ್ನು ಕೇಳಿದೆವು. ಕೆಲವೇ ವಾರ ಎಂದು ಉತ್ತರ ಬಂತು. ಅದಕ್ಕೆ ಇನ್ನೊಂದಷ್ಟು ನೀಲಿ ಅಳಿಸಿಹೋಯಿತು.

"ನೀನು ಪ್ಲಾನ್ ಮಾಡ್ತಿದೀಯಾ, ಅಳಿಸ್ತಿದೀಯಾ?" ಎಂದು ಒಂದು ದಿನ ಗಿರಿ ಕೇಳಿದ.

"ಉಸಿರು ಕಟ್ಟಿದ್ರೆ ಎಲ್ಲಿಗೆ ಓಡ್ಲಿ ನಾನು? ಅದನ್ನ ಹೇಳು ಮೊದ್ಲು."

"ಇಲ್ಲಿ ಕಟ್ಟಿಲ್ವಾ ಈಗ?" ಎಂದವನು ಎದ್ದು ಹೋಗಿ ಕಿಟಕಿ ತೆಗೆದ. ಕೆಮ್ಮಿದ. ಮುಚ್ಚಿದ. ಮತ್ತೆ ಬಂದು ಕೂತು, ಏನೂ ಆಗದವನ ಹಾಗೆ ಇನ್ನೊಂದು ಕ್ಯಾಂಪ್‌ಗ್ರೌಂಡ್ ಹುಡುಕತೊಡಗಿದ.

ಕ್ರಿಸ್ಮಸ್ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಕೂಗಿದ. ಫ್ಲೋರಿಡಾದ ನೈರುತ್ಯ ಕರಾವಳಿಯಲ್ಲಿ, ಸಮುದ್ರಕ್ಕೆ ಹತ್ತಿರ, ಜನವರಿಯಲ್ಲಿ ಮೂರು ವಾರ. ಯಾರೋ ಆಗಷ್ಟೇ ಬಿಟ್ಟುಕೊಟ್ಟಿದ್ದ ಜಾಗ. ಕರೆಂಟ್ ಇದೆ, ನಲ್ಲಿ ಮಾತ್ರ ನಮ್ಮ ಜಾಗದಲ್ಲಿಲ್ಲ, ಆ ಸಾಲಿನ ಎಲ್ಲ ಗಾಡಿಗಳಿಗೂ ಸೇರಿ ಕೊನೆಯಲ್ಲೊಂದು. ಆಸ್ಪತ್ರೆ ಹತ್ತಿರವೇ ಇತ್ತು. ನನ್ನ ಕೆಂಪು ಗುರುತು ಅವನ ನೀಲಿಯ ಮೇಲೆಯೇ ಕೂತಿತು. ಬೇಡ ಎನ್ನಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ನಮ್ಮ ಬಡಾವಣೆಯ ಸಂಘದವರು ಆರ್‌ವಿಯನ್ನು ಮನೆ ಮುಂದೆ ಒಂದು ರಾತ್ರಿ ಮಾತ್ರ ನಿಲ್ಲಿಸಲು ಬಿಡುತ್ತಾರೆ. ಹಾಗಾಗಿ ಹೊರಡುವ ಹಿಂದಿನ ದಿನ ಸಲೀಂ ಗಾಡಿ ತಂದು ನಿಲ್ಲಿಸಿ, ಗಿರಿಗೆ ಒಂದೊಂದನ್ನೇ ವಿವರಿಸಿದ. ಪೈಪಿನಲ್ಲಿ ಗುಲಾಬಿ ದ್ರವ ಇದೆ, ಇರಲಿ. ಫ್ಲೋರಿಡಾ ತಲುಪಿದ ಮೇಲೆ ಅದನ್ನು ಹೊರಗೆ ಬಿಟ್ಟು ನೀರು ತುಂಬಿಸಿಕೊಳ್ಳಿ, ಅಲ್ಲಿಯವರೆಗೂ ಬಾಟಲಿ ನೀರು ಸಾಕು. ಗಿರಿ ತಲೆಯಾಡಿಸಿದ. ಅಮ್ಮ ಆಗ ಒಳಗೆ ಸಲೀಂಗೆ ಕಾಫಿ ಬೆರೆಸುತ್ತಿದ್ದರು. ಅಮ್ಮನಿಗೂ ಇದನ್ನು ಹೇಳಬೇಕೆಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಅಂದಿನ ಮಧ್ಯಾಹ್ನ ಕೆರೊಲೈನಾದ ಚಳಿಗಾಲದ ನಡುವೆ ಆಗೊಮ್ಮೆ ಈಗೊಮ್ಮೆ ಬರುವ ಸುಳ್ಳು ಬೇಸಿಗೆ. ಸ್ವೆಟರ್ ತೆಗೆದಿಡುವಷ್ಟು ಬಿಸಿಲು. ಗಿರಿ ಮಲಗಿದ್ದ. ನಾನು ಮೇಲೆ ಮೀಟಿಂಗಿನಲ್ಲಿದ್ದೆ. ಕಿಟಕಿಯಿಂದ ನೋಡಿದರೆ ಅಮ್ಮ ಸೀರೆ ಎತ್ತಿಕಟ್ಟಿ, ತೋಟದ ಹೋಸ್‌ಪೈಪ್ ಹಿಡಿದು ಗಾಡಿಯ ಪಕ್ಕ ನಿಂತಿದ್ದರು. ಇಂಚರ ಗಾಡಿಯ ಒಳಗಿನಿಂದ ಏನೋ ಕೂಗಿ ಹೇಳುತ್ತಿದ್ದಳು. ಪೂಜೆಗೆ ಗಾಡಿ ತೊಳೆಯುತ್ತಿದ್ದಾರೆ ಅಂದುಕೊಂಡೆ. ಸಂಜೆ ಪೂಜೆಯೂ ಆಯಿತು. ಅಮ್ಮ ಗಾಡಿಯ ಮೂತಿಗೆ ಅರಿಶಿನ ಕುಂಕುಮ ಇಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಲು ಹೋಗಿ ಬಗ್ಗಿದವರು ಹಾಗೇ ತಲೆ ಎತ್ತಿದರು.

"ಹಿಂದೆ ಜೋಡಿ ಚಕ್ರ ಇದಾವಲ್ಲೇ, ಹಣ್ಣು ಸಾಲಲ್ಲ."

"ಅಜ್ಜಿ, ಹಾಫ್ ಕಟ್ ಮಾಡು."

"ಕಟ್ ಮಾಡಿ ಇಡಕ್ಕೆ ಇದೇನು ಚಿತ್ರಾನ್ನಾನಾ?"

ಗಿರಿ ಬಾಗಿಲಲ್ಲಿ ನಿಂತು ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬರಲಿಲ್ಲ. ನಾನು ಅದನ್ನು ಗಮನಿಸಿದೆ; ಆ ದಿನಗಳಲ್ಲಿ ನಾನು ಅದನ್ನು ಮಾತ್ರ ಗಮನಿಸುತ್ತಿದ್ದೆ.

ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಹೊರಗೆ ಲೋಕವೇ ಬೇರೆಯಾಗಿತ್ತು. ಹುಲ್ಲಿನ ಮೇಲೆ ಬಿಳಿ ಪುಡಿ, ಕಾರಿನ ಗಾಜಿನ ಮೇಲೆ ಕೆರೆದರೂ ಹೋಗದ ಪದರ, ಚಕ್ರದ ಪಕ್ಕ ಉಳಿದಿದ್ದ ನಿಂಬೆಹಣ್ಣು ಕಲ್ಲಿನಂತೆ ಗಟ್ಟಿ. ನಾವು ಬಿಸಿಲೇರುವವರೆಗೂ ಕಾದು, ಗಾಡಿ ಬೆಚ್ಚಗಾಗಲಿ ಎಂದು ಒಳಗೆ ಹೀಟರ್ ಹಾಕಿ ಸಾಮಾನು ಇಟ್ಟೆವು. ಅಮ್ಮ ಹಾಲಿನ ಪಾತ್ರೆ ತೊಳೆಯಲು ಸಿಂಕಿನ ಮುಂದೆ ನಿಂತು, ಬಹಳ ಅಭ್ಯಾಸವಿರುವವರ ಹಾಗೆ ಪಂಪಿನ ಸ್ವಿಚ್ಚು ಒತ್ತಿದರು.

ಗಿರಿ ತಟ್ಟನೆ ತಿರುಗಿದ. "ಅತ್ತೆ, ಅದನ್ನ ಯಾಕೆ..."

ಸಿಂಕಿನ ಕೆಳಗೆ ಮೊದಲು ಒಂದು ಸೀಳಿದ ಸದ್ದು. ಆಮೇಲೆ ಬಚ್ಚಲಿನ ಗೋಡೆಯ ಹಿಂದೆ. ಕಪಾಟಿನ ಬಾಗಿಲನ್ನು ತಳ್ಳಿಕೊಂಡು ನೀರು ನುಗ್ಗಿತು, ನನ್ನ ಕಾಲ ಮೇಲೆ, ಕಾರ್ಪೆಟ್ಟಿನ ಮೇಲೆ, ಅಕ್ಕಿಯ ಚೀಲದ ಕೆಳಗೆ. ಗಿರಿ ಹಾರಿ ಸ್ವಿಚ್ಚು ಆರಿಸಿದ. ಎಲ್ಲೋ ಒಳಗೆ ಇನ್ನೂ ತೊಟ್ಟಿಕ್ಕುತ್ತಿತ್ತು.

"ನಿನ್ನೆ ಟ್ಯಾಂಕ್ ತುಂಬಿಸಿಟ್ಟೆ," ಅಂದರು ಅಮ್ಮ ಸಣ್ಣ ದನಿಯಲ್ಲಿ. "ಬೆಳಿಗ್ಗೆ ಹೊರಡೋ ಹೊತ್ತಲ್ಲಿ ನೀರು ಇರತ್ತೋ ಇಲ್ವೋ ಅಂತ. ಒಳಗೆ ನಲ್ಲಿ ಬಿಟ್ರೆ ಕೆಂಪು ನೀರು ಬಂತು. ಸ್ವಲ್ಪ ಹೊತ್ತು ಸುಮ್ನೆ ಹರಿಯಕ್ಕೆ ಬಿಟ್ಟೆ. ಆಮೇಲೆ ತಿಳಿ ನೀರು ಬಂತು, ಚೆನ್ನಾಗೇ ಬಂತು."

ನನಗೆ ಅರ್ಥವಾಯಿತು. ಬೆಂಗಳೂರಿನಲ್ಲಿ ನೀರು ನಿಂತು ಬಂದಾಗ ಮೊದಲು ಬರುವುದು ತುಕ್ಕಿನ ಬಣ್ಣದ್ದು. ಅದನ್ನು ಚೆಲ್ಲಿ, ತಿಳಿಯಾದ ಮೇಲೆ ಹಿಡಿಯಬೇಕು. ನಮ್ಮ ಮನೆಯಲ್ಲಿ ಅದು ಮಕ್ಕಳಿಗೂ ಗೊತ್ತು. ಪೈಪನ್ನು ಕಾಯುತ್ತಿದ್ದ ಗುಲಾಬಿ ದ್ರವವನ್ನು ಅಮ್ಮ ಅಷ್ಟೇ ಶ್ರದ್ಧೆಯಿಂದ ಕೊನೆಯ ಹನಿಯವರೆಗೂ ಚೆಲ್ಲಿ, ಜಾಗ ಖಾಲಿ ಬಿಡದೆ ನೀರು ತುಂಬಿಸಿದ್ದರು. ಆದರೂ ಪೈಪಿಗೆ ಅಂಟಿ ಉಳಿದಿದ್ದ ಆ ಸಿಹಿ ವಾಸನೆ ಕಾರ್ಪೆಟ್ಟಿನಿಂದ ಏಳುತ್ತಿತ್ತು.

ಸಲೀಂ ಬಂದ. ಟಾರ್ಚ್ ಹಿಡಿದು ಸಿಂಕಿನ ಕೆಳಗೆ, ಗಾಡಿಯ ಕೆಳಗೆ ಮಲಗಿ ನೋಡಿದ. ಹೊರಗೆ ಎದ್ದು ಬಂದವನ ಬೆನ್ನಿಗೆಲ್ಲ ಹುಲ್ಲು. ನಾಲ್ಕೈದು ಕಡೆ ಸೀಳಿದೆ, ಗೋಡೆ ಬಿಚ್ಚಬೇಕು, ರಿಪೇರಿ ಅಂಗಡಿಗಳೆಲ್ಲ ಮಾರ್ಚ್‌ವರೆಗೂ ಬುಕ್ ಆಗಿವೆ ಎಂದ. ಅಮ್ಮ ಗರಾಜಿನ ಮೂಲೆಯಲ್ಲಿ ಶಾಲು ಹೊದ್ದು ನಿಂತಿದ್ದರು. ಕಣ್ಣೆತ್ತಿ ಅವನನ್ನು ನೋಡಲಿಲ್ಲ.

"ನಿಮ್ಮ ಗಾಡಿ ಹಾಳು ಮಾಡ್ಬಿಟ್ಟೆ ಕಣಪ್ಪ."

"ಬಿಡಿ ಆಂಟಿ. ನಮ್ಮಮ್ಮ ಇದ್ದಿದ್ರೂ ಇದೇ ಮಾಡ್ತಿದ್ರು," ಅಂದ ಸಲೀಂ. "ಮಂಡಿ ಮೊಹಲ್ಲಾದಲ್ಲಿ ನೀರು ಬಂದ್ರೆ ನಾವು ಲೋಟಾನೂ ಬಿಡ್ತಿರ್ಲಿಲ್ಲ. ಇವತ್ತು ನಸ್ರೀನ್ ಮಾತ್ರ ಬಿರಿಯಾನಿ ಮಾಡ್ತಾಳೆ, ಸವತಿ ಬಿದ್ಲು ಅಂತ."

ಗಿರಿ ಆರ್‌ವಿಯ ಮೆಟ್ಟಿಲ ಮೇಲೆ ಕೂತಿದ್ದ. ತಲೆ ಎತ್ತದೆ ನನಗೆ ಹೇಳಿದ, "ಎಲ್ಲ ಕ್ಯಾನ್ಸಲ್ ಮಾಡ್ಬಿಡು." ಎದ್ದು ಒಳಗೆ ಹೋದ. ಅವನ ಹಿಂದೆಯೇ ಹೋದೆ. ನಡುಮನೆಯ ಕಿಟಕಿ ಇಷ್ಟೇ ಇಷ್ಟು ತೆರೆದಿತ್ತು. ಅವನು ಅದನ್ನು ಮುಚ್ಚಿದ, ಚಿಲಕ ಹಾಕಿದ, ಪರದೆ ಎಳೆದ. ಲ್ಯಾಪ್‌ಟಾಪ್ ಮಡಿಸಿಟ್ಟ. ಸೋಫಾದಲ್ಲಿ ಕೂತು ಎರಡೂ ಕೈ ಮಡಿಲಲ್ಲಿಟ್ಟುಕೊಂಡ.

ಎಷ್ಟೋ ವಾರ ನಾನು ಅವನು ಒಂದು ಕಡೆ ಸುಮ್ಮನೆ ಕೂತರೆ ಸಾಕೆಂದು ಹಂಬಲಿಸಿದ್ದೆ. ಈಗ ಕೂತಿದ್ದ. ಎದ್ದು ಹೋಗುತ್ತಾನೆ ಎಂದು ಕಾದೆ, ಏಳಲಿಲ್ಲ. ಆಕ್ಸಿಮೀಟರ್ ತಂದು ಅವನ ಬೆರಳಿಗೆ ಸಿಕ್ಕಿಸಿದೆ, ಕೈ ಕೊಟ್ಟ, ಎಷ್ಟು ಬಂತೆಂದು ಕೇಳಲೂ ಇಲ್ಲ. ಆಕ್ಸಿಮೀಟರಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. ಆಸ್ಪತ್ರೆಯ ಪಾರ್ಕಿಂಗ್ ಲಾಟಿನಲ್ಲಿ ಕೂತಿದ್ದ ದಿನಗಳಲ್ಲಿ ಕೂಡ ನನಗೆ ಆಗದಂಥ ಹೆದರಿಕೆ ಆಗ ಆಯಿತು. ಅಲ್ಲಿ ಅವನು ಆ ಹಿಡಿಕೆಯಿಲ್ಲದ ಕಿಟಕಿಯ ಹಿಂದೆ ಹೊರಗೆ ಬರಲು ಒದ್ದಾಡುತ್ತಿದ್ದ. ಇಲ್ಲಿ ತಾನೇ ಚಿಲಕ ಹಾಕಿಕೊಂಡಿದ್ದ.

ಹೊರಗೆ ಬಂದಾಗ ಅಮ್ಮ ಸಲೀಂನನ್ನು ಕೇಳುತ್ತಿದ್ದರು.

"ಗಾಡಿ ಓಡತ್ತಾ?"

"ಓಡತ್ತೆ ಆಂಟಿ. ಇಂಜಿನ್‌ಗೇನಾಗಿದೆ? ಒಲೆ ಉರಿಯತ್ತೆ, ಹೀಟರ್ ಬರತ್ತೆ. ನಲ್ಲೀಲಿ ನೀರು ಬರಲ್ಲ."

"ಅಷ್ಟೇ ತಾನೆ?"

"ಅಷ್ಟೇ ಅಂದ್ರೆ... ಸ್ನಾನ, ಪಾತ್ರೆ, ಟಾಯ್ಲೆಟ್... ನೀರಿಲ್ದೇ ಆರ್‌ವಿಲಿ ಯಾರೂ ಹೋಗಲ್ಲ ಆಂಟಿ."

"ನೀರಿಲ್ಲ ಅಂತ ಯಾರು ಹೇಳಿದ್ರು? ನಲ್ಲೀಲಿ ಬರಲ್ಲ ಅಂದ್ರಿ. ಅಲ್ಲಿ ಸಾಲಿನ ಕೊನೇಲಿ ಒಂದು ನಲ್ಲಿ ಇದೆಯಂತಲ್ಲ." ಅಮ್ಮ ನನ್ನ ಕಡೆ ತಿರುಗಿದರು. "ನಲ್ಲೀಲಿ ನೀರು ಬರ್ದಿದ್ರೆ ನಾವು ಸಂಸಾರ ಮಾಡಿಲ್ವೇನೇ? ನಿನ್ನನ್ನ ಬೆಳೆಸಿದ್ದು ಹೇಗೆ? ನಾಲ್ಕು ಬಕೆಟ್, ಒಂದು ಚೊಂಬು. ಚೊಂಬು ನಾನು ತಂದಿದೀನಿ."

ಸಲೀಂ ನನ್ನ ಮುಖ ನೋಡಿದ. ಅವನಿಗೆ ಗೊತ್ತಿತ್ತು, ಕೆಂಪು ಗುರುತುಗಳವಳು ನಾನೇ ಎಂದು. ನಾನು ಕಾರಿನ ಬೀಗದ ಕೈ ತೆಗೆದುಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋದೆ. ಬಣ್ಣ ಬಳಿಯುವವರು ಬಳಸುವ, ಮುಚ್ಚಳವಿರುವ ಕಿತ್ತಳೆ ಬಕೆಟ್‌ಗಳನ್ನು ಕೊಂಡೆ. ಬಾಗಿಲಲ್ಲಿ ಗುಲಾಬಿ ಕ್ಯಾನುಗಳ ಗೋಪುರ. ಅದರ ಪಕ್ಕದಲ್ಲೇ ಬಕೆಟ್ ಹೊತ್ತು ಬಂದೆ.

ಗಿರಿ ಸೋಫಾದಲ್ಲಿ ಹಾಗೆಯೇ ಕೂತಿದ್ದ. ಒಂದು ಬಕೆಟ್ ತಂದು ಅವನ ಮುಂದೆ ಇಟ್ಟೆ.

"ಏಳು. ಹೊರಡೋಣ."

"ಹುಚ್ಚು ಹಿಡಿದಿದೆಯಾ? ಬಕೆಟ್ಟಲ್ಲಿ ಹೇಗೆ..."

"ಹನುಮಂತನಗರಕ್ಕೆ ಹೆಣ್ಣು ನೋಡಕ್ಕೆ ಬಂದಾಗ ನಮ್ಮನೇಲಿ ಕಾಲು ತೊಳೆದಿದ್ದು ಹೇಗೆ ನೀನು?"

ಅವನು ಬಕೆಟ್ಟನ್ನು ನೋಡಿದ. ಆಮೇಲೆ ಎದ್ದು, ಜಾಕೆಟ್ ಹುಡುಕತೊಡಗಿದ. ಒಂದು ರೂಮಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಆ ಓಡಾಟದ ಸದ್ದು ಕೇಳಿ ನನಗೆ ಅಳು ಬಂತು.

ಒದ್ದೆ ಕಾರ್ಪೆಟ್ಟಿನ ಮೇಲೆ ಹಳೆಯ ಟವೆಲ್‌ಗಳನ್ನು ಹಾಸಿಕೊಂಡು ಹೊರಟೆವು. ಕೊಲಂಬಿಯಾ ಊರು ದಾಟುವವರೆಗೂ ನನ್ನ ಬೆರಳುಗಳು ಸ್ಟೀರಿಂಗನ್ನು ಹಿಡಿದಲ್ಲೇ ಹಿಡಿದಿದ್ದವು. ಪಕ್ಕದಲ್ಲಿ ಲಾರಿ ಹೋದಾಗೆಲ್ಲ ಗಾಡಿ ಅದರ ಕಡೆ ವಾಲಿದಂತಾಗುತ್ತಿತ್ತು. ಹಿಂದೆ ಪಾತ್ರೆಗಳು ಗಡಗಡ ಅನ್ನುತ್ತಿದ್ದವು. ಇಂಚರ ಕಿವಿಗೆ ಹಾಡು ಸಿಕ್ಕಿಸಿಕೊಂಡು ಕೂತಿದ್ದಳು. ಸಂಕಟಪಟ್ಟಳೋ ಏನೋ, ಪಂಪಿನ ಸ್ವಿಚ್ಚು ತೋರಿಸಿಕೊಟ್ಟವಳು ಅವಳೇ. ಮಧ್ಯೆ ಒಮ್ಮೆ ಅಜ್ಜಿಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡದ್ದನ್ನು ಕನ್ನಡಿಯಲ್ಲಿ ನೋಡಿದೆ. ಸವಾನ್ನಾ ಹತ್ತಿರ ಮರಗಳ ಕೊಂಬೆಯಿಂದ ಬೂದು ಪಾಚಿ ಜೋತಾಡುತ್ತಿತ್ತು, ಚಳಿ ಮಾತ್ರ ಹಾಗೇ ಇತ್ತು. ಆ ರಾತ್ರಿ ಅಲ್ಲೇ ತಂಗಿದೆವು. ಮರುದಿನ ಫ್ಲೋರಿಡಾ ಗಡಿ ದಾಟಿ ಇನ್ನೂ ಕೆಳಗೆ ಹೋಗಿ, ಮಧ್ಯಾಹ್ನದ ಹೊತ್ತಿಗೆ ಹೆದ್ದಾರಿ ಪಕ್ಕದ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆ.

ಗಿರಿ ಹಿಂದೆ ಹೋಗಿ ಹಾಸಿಗೆಯ ಪಕ್ಕದ ಸಣ್ಣ ಕಿಟಕಿಯ ಮುಂದೆ ಕೂತ. ಜಾರುವ ಗಾಜನ್ನು ಒಂದು ಅಂಗೈ ಅಗಲ ತೆಗೆದ. ನಾವು ಮೂವರೂ ಅನ್ನ ಕಲೆಸುತ್ತಿದ್ದವರು ಕೈ ನಿಲ್ಲಿಸಿದೆವು. ಗಾಳಿ ಬಂತು. ಡೀಸೆಲ್ ವಾಸನೆ, ಕತ್ತರಿಸಿದ ಹುಲ್ಲಿನ ವಾಸನೆ, ಒಂಚೂರು ಸೆಕೆ. ಅವನ ಭುಜ ಮೇಲೆದ್ದು ಇಳಿಯಿತು. ಮತ್ತೆ ಮೇಲೆದ್ದು ಇಳಿಯಿತು. ಕೆಮ್ಮು ಬರಲಿಲ್ಲ. ಅವನು ಇನ್ನೊಂದು ಅಂಗೈ ಅಗಲ ತೆಗೆದ.

"ಮೊಸರನ್ನ ತಿನ್ನಿ ಗಿರೀಶ್. ಗಾಳಿ ಎಲ್ಲಿಗೂ ಓಡಿಹೋಗಲ್ಲ," ಅಂದರು ಅಮ್ಮ.

ಕ್ಯಾಂಪ್‌ಗ್ರೌಂಡಿನಲ್ಲಿ ನಮ್ಮ ಅಕ್ಕಪಕ್ಕ ಉತ್ತರದ ಊರುಗಳಿಂದ ಬಂದ ಮುದುಕ ಮುದುಕಿಯರು. ಗಾಡಿಯ ಮುಂದೆ ಕುರ್ಚಿ ಹಾಕಿಕೊಂಡು, ನಾನು ಕಿತ್ತಳೆ ಬಕೆಟ್ ಹಿಡಿದು ನಲ್ಲಿಗೆ ಹೋಗಿ ಬರುವುದನ್ನು ನೋಡುತ್ತಿದ್ದರು. ಒಬ್ಬರು ತಮ್ಮ ಉದ್ದನೆಯ ಹೋಸ್ ಕೊಡುತ್ತೇನೆಂದರು. ಒಡೆದ ಪೈಪಿಗೆ ಹೋಸ್ ಏನು ಮಾಡೀತು? ಅಮ್ಮ ಒಳಗೆ ರಾಜ್ಯಭಾರ ಶುರು ಮಾಡಿದ್ದರು. ಕುಡಿಯುವ ನೀರಿನ ಬಕೆಟ್ ಬೇರೆ, ಪಾತ್ರೆಯದು ಬೇರೆ, ಬಚ್ಚಲದ್ದು ಬೇರೆ. ಅಕ್ಕಿ ತೊಳೆದ ನೀರು ಹೊರಗಿನ ಹುಲ್ಲಿಗೆ. ಇಂಚರ ಚೊಂಬಿನಲ್ಲಿ ಸ್ನಾನ ಮಾಡಲು ಕಲಿತಳು. ಮೊದಲ ದಿನ ಬೈದುಕೊಂಡು, ಆಮೇಲೆ ಬೈಯದೆ.

ನೀರು ಹೊರುವುದು ನಾನೊಬ್ಬಳೇ. ಗಿರಿ ಬಕೆಟ್ಟಿನ ಹತ್ತಿರ ಬಂದರೆ ಕಣ್ಣು ಬಿಡುತ್ತಿದ್ದೆ. ಅವನು ಸಮುದ್ರದ ಕಡೆ ನಡೆದು ಹೋಗುತ್ತಿದ್ದ. ಮೊದಲು ತಿರುವಿನ ತಾಳೆಮರದವರೆಗೆ, ಬರಬರುತ್ತಾ ಮರಳಿನವರೆಗೆ. ಹಿಂದೆಯೇ ನಾನು, ಜೇಬಿನಲ್ಲಿ ಆಕ್ಸಿಮೀಟರ್. ರಾತ್ರಿ ಕಿಟಕಿಗಳೆಲ್ಲ ತೆರೆದಿರುತ್ತಿದ್ದವು. ಅವನು ನಿದ್ದೆ ಮಾಡುತ್ತಿದ್ದ, ನಾನು ಅವನ ಉಸಿರು ಕೇಳುತ್ತಿದ್ದೆ.

ಎರಡನೆಯ ವಾರದಲ್ಲಿ ಒಂದು ಬೆಳಿಗ್ಗೆ ಎಚ್ಚರವಾದಾಗ ಬಿಸಿಲು ಆಗಲೇ ಪರದೆಯ ಮೇಲಿತ್ತು. ಅಷ್ಟು ಹೊತ್ತು ನಾನು ಮಲಗಿದ್ದು ಬೇಸಿಗೆಯಿಂದೀಚೆಗೆ ಅದೇ ಮೊದಲು. ಪಕ್ಕದಲ್ಲಿ ಗಿರಿ ಇರಲಿಲ್ಲ. ಬಚ್ಚಲಲ್ಲೂ ಇರಲಿಲ್ಲ. ಆಕ್ಸಿಮೀಟರ್ ಹಿಡಿದು ಬರಿಗಾಲಲ್ಲಿ ಬಾಗಿಲು ತೆರೆದೆ.

ಮೆಟ್ಟಿಲ ಕೆಳಗೆ ಮೂರು ಬಕೆಟ್‌ಗಳು ಸಾಲಾಗಿ ನಿಂತಿದ್ದವು. ಮೂರೂ ತುಂಬಿದ್ದವು. ಒಂದರ ನೀರು ಇನ್ನೂ ಅಲುಗಾಡುತ್ತಿತ್ತು.

ಸಾಲಿನ ಕೊನೆಯಲ್ಲಿ ಗಿರಿ ನಲ್ಲಿಯ ಮುಂದೆ ಬಗ್ಗಿದ್ದ. ನಾಲ್ಕನೆಯ ಬಕೆಟ್ ತುಂಬಿತು. ನಲ್ಲಿ ನಿಲ್ಲಿಸಿ, ಎತ್ತಿಕೊಂಡ, ಭುಜ ಒಂದು ಕಡೆ ವಾಲಿಸಿ ನಡೆಯತೊಡಗಿದ. ನಾನು ಕೂಗಲು ಬಾಯಿ ತೆರೆದವಳು ಕೂಗಲಿಲ್ಲ. ತಾಳೆಮರದ ಹತ್ತಿರ ಅವನು ನಿಂತ. ಈಗ ಕೆಳಗಿಡುತ್ತಾನೆ, ಈಗ ಜೇಬಿನಿಂದ ಫೋನ್ ತೆಗೆಯುತ್ತಾನೆ ಎಂದು ಕಾದೆ. ಅವನು ಬಕೆಟ್ಟನ್ನು ಎಡಗೈಗೆ ಬದಲಾಯಿಸಿಕೊಂಡು, ಕುರ್ಚಿಯಲ್ಲಿ ಕೂತಿದ್ದ ಮುದುಕರಿಗೆ ಏನೋ ಹೇಳಿ, ಮತ್ತೆ ನಡೆದ. ನೀರು ಅಂಚಿನಿಂದ ಚೆಲ್ಲಿ ಅವನ ಪೈಜಾಮ ಮೊಣಕಾಲವರೆಗೂ ಒದ್ದೆಯಾಗಿತ್ತು.

ಬಂದು ನಾಲ್ಕನೆಯದನ್ನು ಸಾಲಿನಲ್ಲಿಟ್ಟ. ಹ್ಯಾಂಡಲು ದಡಕ್ಕನೆ ಬಕೆಟ್ಟಿನ ಮೈಗೆ ಬಿತ್ತು. ಉಸಿರು ದೊಡ್ಡದಾಗಿ ಬರುತ್ತಿತ್ತು, ಆದರೆ ಬರುತ್ತಿತ್ತು. ನಾನು ಕೈಯಲ್ಲಿದ್ದುದನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

ಆ ಸದ್ದಿಗೆ ಒಳಗೆ ಅಮ್ಮ ಮಗ್ಗುಲಾದರು. ತೆರೆದ ಕಿಟಕಿಯಿಂದ ಅವರ ನಿದ್ದೆಗಣ್ಣಿನ ದನಿ ಕೇಳಿತು.

"ನೀರು ಬಂತೇನೇ?"

"ಬಂತಮ್ಮ, ನೀನು ಮಲಕ್ಕೋ," ಅಂದೆ. "ಗಿರಿ ಹಿಡಿದಿಟ್ಟಿದಾನೆ."